ಸಾರಾಂಶ ಆಮೇಲೆ, ಮೊದಲು ಸಾಲು ಓದಿ

"ಕವಿತೆ ಚೆನ್ನಾಗಿದೆ." ಯಾಕೆ? "ಅರ್ಥ ಚೆನ್ನಾಗಿದೆ." ಏನು ಅರ್ಥ? "ಎಲ್ಲರೂ ಒಳ್ಳೆಯವರಾಗಿರಬೇಕು ಅಂತ."

ಓದಿನ ಬಗ್ಗೆ ಮಾತು ಶುರುವಾದರೆ ನಮ್ಮಲ್ಲಿ ಬಹಳ ಸಲ ಇಷ್ಟಕ್ಕೇ ಮುಗಿದುಹೋಗುತ್ತದೆ. ಒಳ್ಳೆಯವರಾಗಿರಿ ಅಂತ ಮನೆಯ ಹಿರಿಯರೂ ಹೇಳುತ್ತಾರೆ, ಆಟೋ ಹಿಂದೆಯೂ ಬರೆದಿರುತ್ತದೆ. ಅಷ್ಟು ಹೇಳೋಕೆ ಕವಿ ಯಾಕೆ ಬೇಕು? ಯಾವ ಮಾತಿನಲ್ಲಿ ಹೇಳಿದ, ಯಾರಿಗೆ ಹೇಳಿದ, ಎಲ್ಲಿ ನಿಲ್ಲಿಸಿದ ಅಂತ ನೋಡೋಕೆ ಶುರು ಮಾಡಿದ ಮೇಲೆಯೇ ಓದಿನ ರುಚಿ ಹತ್ತುವುದು. ಹಾಗೆ ನೋಡುವುದು ಹೇಗೆ ಅಂತ ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ.

ನಾನು ಮೇಷ್ಟ್ರಲ್ಲ, ಸಾಹಿತಿಯೂ ಅಲ್ಲ. ಕಲಬುರಗಿಯಲ್ಲಿ ದಸ್ತಾವೇಜು ಬರೆದುಕೊಂಡಿರುವವನು. ಖರೀದಿ ಪತ್ರ, ಬಕ್ಷೀಸ್ ಪತ್ರ, ವಾಟ್ನಿ ಪತ್ರ, ಮುಖ್ತಾರ್‌ನಾಮೆ, ಇವೇ ನನ್ನ ದಿನದ ಸಾಹಿತ್ಯ. ಇಲ್ಲಿ ಒಂದು ಮಾತು ಹೆಚ್ಚಾದರೂ ತೊಂದರೆ, ಕಡಿಮೆಯಾದರೂ ತೊಂದರೆ. ಚೆಕ್ಕುಬಂದಿಯಲ್ಲಿ, ಅಂದರೆ ಜಾಗದ ನಾಲ್ಕು ಕಡೆಯ ಮೇರೆ ಹೇಳುವಲ್ಲಿ, "ಉತ್ತರಕ್ಕೆ ಹಾದಿ" ಅಂತ ಬರೆದರೆ ಅದು ಎಲ್ಲರೂ ಓಡಾಡುವ ಹಾದಿ. "ಉತ್ತರಕ್ಕೆ ಹೊಲಕ್ಕೆ ಹೋಗುವ ಹಾದಿ" ಅಂತ ಬರೆದರೆ ಯಾರ ಹೊಲಕ್ಕೆ ಅಂತ ಮುಂದೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಈ ಕೆಲಸ ಮಾಡಿ ಮಾಡಿ ಪದ ತಡವಿ ನೋಡುವ ಚಾಳಿ ಬಿದ್ದಿದೆ. ಸಂಜೆ ಹೊತ್ತು ನಾವು ಕೆಲವರು ಸೇರಿ ಓದುತ್ತೇವೆ: ಡಿಗ್ರಿ ಹುಡುಗರು, ಬಟ್ಟೆ ಹೊಲಿಯುವ ಒಬ್ಬ ಅಕ್ಕ, ನಿವೃತ್ತಿಯಾದ ನರ್ಸ್, ನಾನು. ಅಲ್ಲಿ ನಡೆಯುವ ಓದೇ ಇಲ್ಲಿ ಹೇಳುತ್ತಿರುವುದು.

ವಿಮರ್ಶೆ ಅಂದ ಕೂಡಲೇ ನಮ್ಮ ಕಡೆ ಜನ ಹಿಂದೆ ಸರಿಯುತ್ತಾರೆ. ಅದು ಯೂನಿವರ್ಸಿಟಿಯವರ ಕೆಲಸ, ನಮಗ್ಯಾಕ್ರೀ ಅಂತಾರೆ. ಅವರಿಗೆ ನಾನು ಮಳಖೇಡ ತೋರಿಸುತ್ತೇನೆ. ಸೇಡಂ ಹಾದಿಯಲ್ಲಿ, ಕಾಗಿಣಾ ದಂಡೆಯ ಮೇಲೆ ಇರುವ ಊರು. ಈಗ ಸಿಮೆಂಟ್ ಲಾರಿ ಜಾಸ್ತಿ, ಕೋಟೆ ಗೋಡೆ ಕಡಿಮೆ. 9ನೇ ಶತಮಾನದಲ್ಲಿ ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವೇ ಕನ್ನಡದಲ್ಲಿ ನಮಗೆ ಉಳಿದಿರುವ ಅತಿ ಹಳೆಯ ಗ್ರಂಥ. ಅದರಲ್ಲಿ ಕಥೆ ಇಲ್ಲ, ಯುದ್ಧ ಇಲ್ಲ. ಬರಹದಲ್ಲಿ ದೋಷ ಎಲ್ಲಿ ಆಗುತ್ತದೆ, ಸೊಗಸು ಎಲ್ಲಿ ಹುಟ್ಟುತ್ತದೆ ಅಂತ ಪದ್ಯ ಕೊಟ್ಟು ಕೊಟ್ಟು ತೋರಿಸುತ್ತದೆ. "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್" ಅನ್ನುವ ಅದರ ಮಾತು ನವೆಂಬರ್ ಭಾಷಣಗಳಲ್ಲಿ ಸವೆದುಹೋಗಿದೆ. ಅದೇ ಪದ್ಯದ ಮೊದಲ ಸಾಲು ಹೇಳುವವರು ಕಡಿಮೆ: "ಪದನರಿದು ನುಡಿಯಲುಂ ನುಡಿದುದನರಿದಾರಯಲುಮಾರ್ಪರಾ ನಾಡವರ್ಗಳ್". ಹದ ಅರಿತು ಮಾತಾಡಲೂ ಬಲ್ಲರು, ಇನ್ನೊಬ್ಬರು ಆಡಿದ್ದನ್ನು ಅರಿತು ಪರೀಕ್ಷೆ ಮಾಡಲೂ ಬಲ್ಲರು ಈ ನಾಡಿನ ಜನ ಅಂತ. ಓದುಬರಹ ಕಲಿಯದೆಯೂ ಬಲ್ಲರು ಅಂತ ಬೇರೆ ಸೇರಿಸಿದ್ದಾನೆ. ಅಂದ ಮೇಲೆ ನಮ್ಮ ನೆಲದಲ್ಲಿ ನಿಂತು "ವಿಮರ್ಶೆ ನಮಗ್ಯಾಕೆ" ಅನ್ನುವುದು ಸ್ವಲ್ಪ ಜಾಸ್ತಿಯಾಯಿತು, ಅಲ್ವಾ?

ಸಣ್ಣದನ್ನು ಹಿಡಿಯಿರಿ, ಬಾಯಿಬಿಟ್ಟು ಓದಿ

ದಪ್ಪ ಕಾದಂಬರಿಯಿಂದ ಶುರು ಮಾಡಬೇಡಿ. ಐದಾರು ಸಾಲಿನದು ಸಾಕು. ನಾವು ಹೊಸಬರು ಬಂದಾಗಲೆಲ್ಲ ಯಾದಗಿರಿ ಜಿಲ್ಲೆಯ ಮುದನೂರಿನ ದೇವರ ದಾಸಿಮಯ್ಯನನ್ನು ಎತ್ತಿಕೊಳ್ಳುತ್ತೇವೆ. ನೇಕಾರ. ಮಾತು ಬಹಳ ಬಿಗಿ. ಅವನ ಈ ವಚನ ನಿಮಗೂ ಗೊತ್ತಿರುತ್ತದೆ:

ಇಳೆ ನಿಮ್ಮ ದಾನ, ಬೆಳೆ ನಿಮ್ಮ ದಾನ,
ಸುಳಿದು ಸೂಸುವ ವಾಯು ನಿಮ್ಮ ದಾನ,
ನಿಮ್ಮ ದಾನವನುಂಡು ಅನ್ಯರ ಹೊಗಳುವ
ಕುನ್ನಿಗಳನೇನೆಂಬೆ ರಾಮನಾಥ.

ಶಾಲೆಯಲ್ಲಿ ಇದಕ್ಕೆ ಕೊಡುವ ಸಾರಾಂಶ: ಎಲ್ಲವೂ ದೇವರು ಕೊಟ್ಟದ್ದು, ಅವನನ್ನು ಮರೆಯಬಾರದು. ಸರಿ. ಅದನ್ನು ಒಂದು ಕಡೆ ಇಟ್ಟುಬಿಡಿ. ಈಗ ಗಟ್ಟಿಯಾಗಿ ಓದಿ. ಕಣ್ಣಲ್ಲಿ ಓದಿದರೆ ಈ ವಚನ ಅರ್ಧ ಮಾತ್ರ ಸಿಗುತ್ತದೆ.

ಮೂರು ಸಲ "ನಿಮ್ಮ ದಾನ" ಅಂತ ಬಂದು ಸಾಲು ನಿಲ್ಲುತ್ತದೆ. ಒಂದೊಂದು ಸಲವೂ ಉಸಿರು ಅಲ್ಲೇ ಬಿಡುತ್ತೇವೆ. ಇಳೆ, ಬೆಳೆ, ಸುಳಿ: ಮೂರಕ್ಕೂ ಎರಡನೇ ಅಕ್ಷರ ಳಕಾರವೇ. ಗುಡಿಯಲ್ಲಿ ಮಂತ್ರ ಹೇಳಿಸುವ ಹಾಗೆ ನಮ್ಮ ಬಾಯಿ ಲಯಕ್ಕೆ ಬೀಳುತ್ತದೆ. ನಾಲ್ಕನೇ ಸಲ "ನಿಮ್ಮ ದಾನ" ಬಂದಾಗಲೂ ಅಲ್ಲೇ ನಿಲ್ಲೋಣ ಅಂತ ಹೊರಡುತ್ತೇವೆ. ನಿಲ್ಲೋಕೆ ಬಿಡುವುದಿಲ್ಲ. "ದಾನವನುಂಡು" ಅಂತ ಮುಂದೆ ತಳ್ಳುತ್ತದೆ. ಅಲ್ಲಿಂದ "ಹೊಗಳುವ", ಅಲ್ಲಿಂದ "ಕುನ್ನಿಗಳನೇನೆಂಬೆ", ಒಂದೇ ಉಸಿರು. ಸ್ತುತಿ ಅಂದುಕೊಂಡು ತಲೆ ಆಡಿಸುತ್ತಿದ್ದವನ ಮುಖಕ್ಕೆ ಬೈಗುಳ ಬಂದು ಬೀಳುತ್ತದೆ. ವಚನ ತಿರುಗುವುದು "ಉಂಡು" ಅನ್ನುವಲ್ಲಿ. ಪೆನ್ಸಿಲ್ ಇದ್ದರೆ ಅಲ್ಲಿ ಒಂದು ಗೀಟು ಹಾಕಿ. ಯಾವ ಬರಹ ಓದಿದರೂ ಹೀಗೆ ತಿರುಗುವ ಜಾಗ ಹುಡುಕುವುದು ಮೊದಲ ಕೆಲಸ. ಕೆಲವದರಲ್ಲಿ ಇರುವುದಿಲ್ಲ. ಇಲ್ಲದಿದ್ದರೆ ಇಲ್ಲ ಅಂತ ಬರೆದುಕೊಳ್ಳಿ, ಅದೂ ಒಂದು ಸುದ್ದಿಯೇ.

ಎರಡನೆಯದು, ಪದ ತೆಗೆದು ಬೇರೆ ಪದ ಕೂರಿಸಿ ನೋಡುವುದು. ನಮ್ಮ ಹುಡುಗರಿಗೆ ಇದು ಬಹಳ ಇಷ್ಟ, ಆಟದ ಹಾಗೆ ಆಡುತ್ತಾರೆ. "ಸುಳಿದು ಸೂಸುವ" ಅನ್ನುವುದನ್ನು ಕೆಲವರು "ಸುಳಿದು ಬೀಸುವ" ಅಂತ ಹೇಳುತ್ತಾರೆ. ಎರಡನ್ನೂ ಹೇಳಿ ನೋಡಿ. ಬೀಸುವ ಗಾಳಿ ನಮಗೆ ದಿನವೂ ಗೊತ್ತಿರುವ ಗಾಳಿ. ಸೂಸುವ ಅಂದಾಗ ಯಾರೋ ಕೈಯಾರೆ ಹರಡುತ್ತಿರುವ ಹಾಗೆ ಕೇಳುತ್ತದೆ, ಕೊಡುವವನು ಒಬ್ಬ ಹಿಂದೆ ಇದ್ದಾನೆ ಅನ್ನಿಸುತ್ತದೆ. ಜೊತೆಗೆ ಎರಡು ಸಕಾರ ಕೂಡಿ ಬಾಯಿಂದಲೇ ಗಾಳಿ ಹೊರಡುತ್ತದೆ. ಇನ್ನೊಂದು ನೋಡಿ: ಇಳೆಗೆ ಯಾವ ವಿಶೇಷಣವೂ ಇಲ್ಲ, ಬೆಳೆಗೂ ಇಲ್ಲ. ಗಾಳಿಗೆ ಮಾತ್ರ ಎರಡು ಮಾತು ಖರ್ಚು ಮಾಡಿದ್ದಾನೆ. ಯಾಕೆ? ಹೊಲಿಗೆ ಅಕ್ಕ ಹೇಳಿದ್ದು ನನಗೆ ಹಿಡಿಸಿತು: "ಭೂಮಿ, ಬೆಳಿ ಕಣ್ಣಿಗೆ ಕಾಣ್ತಾವ್ರಿ. ಗಾಳಿ ಕಾಣಂಗಿಲ್ಲ. ಕಾಣಲಾರದ್ದಕ್ಕ ಮಾತು ಬೇಕಾಗ್ತದ." ನಾನಾದರೆ ಅದನ್ನು ಅರ್ಧ ಪುಟ ಮಾಡುತ್ತಿದ್ದೆ.

"ಉಂಡು" ತೆಗೆದು "ಪಡೆದು" ಹಾಕಿ. ವಚನ ಸತ್ತೇಹೋಗುತ್ತದೆ. ಭೂಮಿ, ಬೆಳೆ, ಗಾಳಿಯನ್ನು ಪಡೆಯಬಹುದು. ಉಣ್ಣುವುದು ಅಂದರೆ ಬೇರೆ, ಅದು ಹೊಟ್ಟೆಗೆ ಇಳಿದು ಮೈಯಾಗಿದೆ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ಬೆಳೆದವರು ನಾವು, ಆ ಒಂದು ಮಾತಿಗೆ ಆ ಬೆಳವಳಿಗೆಯೆಲ್ಲ ಎದ್ದು ನಿಲ್ಲುತ್ತದೆ. "ಕುನ್ನಿ" ಬರಬೇಕಾದರೂ "ಉಂಡು" ಮೊದಲೇ ಬಂದಿರಬೇಕು. ಪಡೆದವನನ್ನು ನಾಯಿ ಅನ್ನೋಕೆ ಆಗುವುದಿಲ್ಲ.

ಆಮೇಲೆ ಕೊನೆಯ "ಏನೆಂಬೆ". ಏನಂತ ಕರೆಯಲಿ ಅಂತ ಕೇಳುತ್ತಿದ್ದಾನೆ. ಆದರೆ ಕುನ್ನಿ ಅಂತ ಆಗಲೇ ಕರೆದಾಗಿದೆ! ಬೈದೂ ಬೈದು, ಬೈಯೋಕೆ ಮಾತೇ ಸಿಗಲಿಲ್ಲ ಅಂತ ನಿಲ್ಲಿಸುವುದು. ನಮ್ಮ ಓಣಿಯಲ್ಲಿ ಜಗಳಕ್ಕೆ ನಿಂತವರು ಎಲ್ಲ ಹೇಳಿ ಮುಗಿಸಿ "ನಾ ಏನೂ ಅನ್ನಂಗಿಲ್ಲ ಬಿಡವ್ವ" ಅಂತಾರಲ್ಲ, ಅದೇ ಧಾಟಿ.

ನೋಡಿ, ಇಷ್ಟು ಹೊತ್ತು ನಾವು ದೇವರು ಒಳ್ಳೆಯವನು, ಮನುಷ್ಯ ಕೃತಘ್ನ ಅಂತ ಒಂದೂ ಮಾತಾಡಿಲ್ಲ. ಮಾತಾಡುವ ಅಗತ್ಯವೂ ಬರಲಿಲ್ಲ.

ಮೆಚ್ಚಿದ ಮೇಲೆ ಜಗಳ ತೆಗೆಯಿರಿ

ಇಲ್ಲಿಗೆ ನಿಲ್ಲಿಸಿದರೆ ಅದು ಅರ್ಧ ಓದು. ಮೆಚ್ಚುವುದು ಬೇರೆ, ಒಪ್ಪುವುದು ಬೇರೆ. ವಚನ ಅಂದರೆ ಕೈಮುಗಿದು ಓದಬೇಕು ಅಂತ ನಮ್ಮಲ್ಲಿ ಒಂದು ರೂಢಿ ಇದೆ. ಕೈಮುಗಿದವನಿಗೆ ಪೆನ್ಸಿಲ್ ಹಿಡಿಯೋಕೆ ಆಗುವುದಿಲ್ಲ.

"ಅನ್ಯರ ಹೊಗಳುವ" ಅಂತ ಇದೆಯಲ್ಲ, ಯಾರು ಆ ಅನ್ಯರು? ಬೇರೆ ದೇವರೋ? ದೊರೆಗಳೋ? ಹೊಲದ ಒಡೆಯರೋ? ದೊರೆ ಅಂತ ಓದಿದರೆ ಇದು ಧೈರ್ಯದ ಮಾತು: ನೆಲ ನಿನ್ನದಲ್ಲ, ಬೆಳೆ ನಿನ್ನದಲ್ಲ, ನಿನ್ನ ಹೊಗಳಿಕೆ ನನ್ನಿಂದಾಗದು ಅಂತ. ಬೇರೆ ದೇವರು ಅಂತ ಓದಿದರೆ ಪಕ್ಕದ ಮನೆಯವರ ಪೂಜೆಯನ್ನು ನಾಯಿಪಾಡು ಅಂದ ಹಾಗಾಗುತ್ತದೆ. ಅದನ್ನು ಮೆಚ್ಚಲು ನನಗೆ ಕಷ್ಟ. ಹೊಗಳುಭಟ್ಟರ ಕಾಟ ಜಾಸ್ತಿಯಾದ ದಿನಗಳಲ್ಲಿ ನನಗೆ ಮೊದಲನೆಯ ಓದೇ ಬೇಕು ಅನ್ನಿಸುತ್ತದೆ. ಆದರೆ ನನಗೆ ಬೇಕು ಅಂತ ವಚನ ಹಾಗೆ ಹೇಳಿಬಿಡುತ್ತದಾ? ಕರ್ತೃ ಭಕ್ತ, ಅಂಕಿತ ರಾಮನಾಥ, ಕಾಲ ಬಸವಣ್ಣನಿಗೂ ಹಿಂದಿನದು ಅಂತ ಹೇಳುತ್ತಾರೆ. ಎರಡನೆಯ ಓದಿಗೇ ಪುರಾವೆ ಜಾಸ್ತಿ. ಪುರಾವೆ ಒಂದು ಕಡೆ, ಆಸೆ ಒಂದು ಕಡೆ ಇದ್ದಾಗ ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಒಂದರ ಹೆಸರಲ್ಲಿ ಇನ್ನೊಂದನ್ನು ರಿಜಿಸ್ಟರ್ ಮಾಡಬೇಡಿ.

ನಾಯಿಯ ಬಗ್ಗೆಯೂ ನಮ್ಮ ನರ್ಸಮ್ಮ ತಕರಾರು ತೆಗೆದರು. ನಾಯಿ ಉಂಡ ಮನೆ ಮರೆಯುವುದಿಲ್ಲವಲ್ಲ, ಉಪಮೆಯೇ ತಪ್ಪಲ್ವಾ? ಕುನ್ನಿ ಅಂದರೆ ಮರಿ, ಮರಿ ಯಾರು ಕಂಡರೂ ಬಾಲ ಆಡಿಸುತ್ತದೆ ಅಂತ ಒಬ್ಬ ಹುಡುಗ ಉತ್ತರ ಕೊಟ್ಟ. ಹಳೆಯ ವಚನಗಳಲ್ಲಿ ಕುನ್ನಿ ಅಂದರೆ ಸುಮ್ನೆ ನಾಯಿ ಅಂತಲೂ ಬರುತ್ತದೆ ಅಂತ ನಾನಂದೆ. ಇಂಥ ಕಡೆ ತಲೆ ಕೆರೆದುಕೊಂಡು ಕೂರಬೇಡಿ, ಹುಡುಕಿ. ವಚನ ಸಂಚಯ ಅಂತ ಒಂದು ಜಾಲತಾಣ ಇದೆ, ಒಂದು ಪದ ಹಾಕಿದರೆ ಅದು ಯಾವ ಯಾವ ವಚನದಲ್ಲಿ ಬಂದಿದೆ ಅಂತ ಎಲ್ಲ ಎದುರಿಗೆ ತಂದಿಡುತ್ತದೆ. ಕಿಟೆಲ್ ನಿಘಂಟು 1894ರದ್ದು, ಹಳೆಯ ಪದಗಳಿಗೆ ಈಗಲೂ ಬೇಕಾಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ದೊಡ್ಡ ಲೈಬ್ರರಿಗಳಲ್ಲಿ ಸಿಗುತ್ತದೆ. ಆದರೆ ನಿಘಂಟು ಮೊದಲೇ ತೆರೆಯಬೇಡಿ. ನಿಮ್ಮ ಕಿವಿ ಏನು ಹೇಳಿತು ಅಂತ ಬರೆದುಕೊಂಡ ಮೇಲೆ ತೆರೆಯಿರಿ.

ಓದು ಬರೀ ರುಚಿಯ ವಿಷಯ ಅಂದುಕೊಂಡವರಿಗೆ ನಮ್ಮ ವೃತ್ತಿಯ ಒಂದು ಮಾತು ಹೇಳಲೇಬೇಕು. ಮಿತಾಕ್ಷರ ಬರೆದ ವಿಜ್ಞಾನೇಶ್ವರ ಇಲ್ಲೇ ಮರತೂರಿನವನು ಅಂತ ಹೇಳುತ್ತಾರೆ. ಇದ್ದದ್ದು ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ, ಅಂದರೆ ಈಗಿನ ಬಸವಕಲ್ಯಾಣ. ಅವನು ಹೊಸ ಕಾನೂನು ಬರೆಯಲಿಲ್ಲ. ಯಾಜ್ಞವಲ್ಕ್ಯ ಸ್ಮೃತಿಯನ್ನು ಸಾಲು ಸಾಲಾಗಿ ಓದಿ ಟೀಕೆ, ಅಂದರೆ ಅರ್ಥ ಬಿಡಿಸುವ ವ್ಯಾಖ್ಯಾನ, ಬರೆದ. ಅವನ ಓದಿನ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ಜೀಮೂತವಾಹನ ಅದೇ ಸ್ಮೃತಿಗಳನ್ನು ಬೇರೆ ಥರ ಓದಿದ: ತಂದೆ ಸತ್ತ ಮೇಲೆ ಮಾತ್ರ ಹಕ್ಕು. ಎರಡು ಓದು, ಎರಡು ನಾಡು, ನೂರಾರು ವರ್ಷದ ಆಸ್ತಿ ಹಂಚಿಕೆ. ಎರಡೂ ಓದಿನಲ್ಲಿ ಹುಟ್ಟಿನಿಂದ ಹೆಣ್ಣುಮಕ್ಕಳಿಗೆ ಆ ಹಕ್ಕು ಇರಲಿಲ್ಲ. ಅವರಿಗೂ ಗಂಡುಮಕ್ಕಳಷ್ಟೇ ಹಕ್ಕು ಅಂತ ದೇಶಕ್ಕೆಲ್ಲ ಕಾಯ್ದೆ ತಿದ್ದಿದ್ದು 2005ರಲ್ಲಿ. ಪಿತ್ರಾರ್ಜಿತ ಹೊಲ ಮಾರುವಾಗ "ಮಕ್ಕಳ ಸಹಿ ಯಾಕ್ರೀ" ಅಂತ ನನ್ನ ಟೇಬಲ್ ಮುಂದೆ ಸಿಟ್ಟಾಗುವವರಿಗೆ ಸಂಸ್ಕೃತ ಟೀಕೆಯ ಕಥೆ ಹೇಳುತ್ತಾ ಕೂತರೆ ನನ್ನ ಗಿರಾಕಿ ಓಡಿಹೋಗುತ್ತಾರೆ, ಅದು ಬೇರೆ ಮಾತು.

ಗದ್ಯದಲ್ಲಿ: ಯಾರು ಹೇಳುತ್ತಿದ್ದಾರೆ?

ಕಥೆ, ಕಾದಂಬರಿ, ಆತ್ಮಕಥೆ ಓದುವಾಗ ಪ್ರಾಸ ಹುಡುಕಿ ಪ್ರಯೋಜನ ಇಲ್ಲ. ಅಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ: ಈ ಕಥೆ ಯಾರ ಬಾಯಲ್ಲಿದೆ? ಅದರಿಂದ ಉಳಿದ ಪ್ರಶ್ನೆ ತಾವೇ ಹುಟ್ಟುತ್ತವೆ.

ಯಾದಗಿರಿ ಜಿಲ್ಲೆಯ ಸುರಪುರದ್ದೇ ತೆಗೆದುಕೊಳ್ಳಿ. ಮೆಡೋಸ್ ಟೇಲರ್ ಅನ್ನುವ ಇಂಗ್ಲಿಷ್ ಅಧಿಕಾರಿ 1840ರ ದಶಕದಲ್ಲಿ ಅಲ್ಲಿಗೆ ಬಂದ. ಗುಡ್ಡದ ಮೇಲೆ ಅವನ ಮನೆ ಇವತ್ತಿಗೂ ಇದೆ. ದೊರೆ ವೆಂಕಟಪ್ಪ ನಾಯಕ ಆಗ ಚಿಕ್ಕ ಹುಡುಗ. ಹುಡುಗನ ಹೆಸರಿನಲ್ಲಿ ಟೇಲರ್ ಸಂಸ್ಥಾನ ನಡೆಸಿದ. ಹುಡುಗ ತನ್ನನ್ನು "ಅಪ್ಪಾ" ಅಂತ ಕರೆಯುತ್ತಿದ್ದ ಅಂತ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದ, ಸೆರೆ ಸಿಕ್ಕ. ಗಲ್ಲು ಶಿಕ್ಷೆ ಇಳಿದು ಇಳಿದು ನಾಲ್ಕು ವರ್ಷದ ಸೆರೆಗೆ ಬಂತು. ಸಾಗಿಸುವಾಗ ದಾರಿಯಲ್ಲಿ, ಕಾವಲಿಗಿದ್ದ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿಸಿಕೊಂಡು ಸತ್ತ ಅಂತ ಟೇಲರನ ಪುಸ್ತಕ ಹೇಳುತ್ತದೆ. ಪುಸ್ತಕ ಹೊರಬಂದದ್ದು 1877ರಲ್ಲಿ, ಟೇಲರ್ ಸತ್ತ ಮರುವರ್ಷ.

ಓದಿದರೆ ಕಣ್ಣು ಒದ್ದೆಯಾಗುತ್ತದೆ, ಅಷ್ಟು ಚೆನ್ನಾಗಿ ಬರೆದಿದ್ದಾನೆ. ಕಣ್ಣು ಒರೆಸಿಕೊಂಡು ಮತ್ತೊಮ್ಮೆ ಓದಿ. ಹುಡುಗನ ಜಾತಕದಲ್ಲಿ 24ನೇ ವರ್ಷಕ್ಕೆ ಸಾವಿದೆ ಅಂತ ಶಾಸ್ತ್ರಿಯೊಬ್ಬರು ಮೊದಲೇ ಹೇಳಿದ್ದರು ಅನ್ನುವ ಸಂಗತಿ ಬರುತ್ತದೆ. ಕೊನೆಗೆ ಹಾಗೆಯೇ ಆಗುತ್ತದೆ. ಇಲ್ಲಿ ನಿಲ್ಲಿ. ಜಾತಕ ನಿಜವೋ ಸುಳ್ಳೋ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ಕಥೆಯಲ್ಲಿ ಅದು ಮಾಡುವ ಕೆಲಸ ಏನು? ಸಾವು ಹಣೆಬರಹ ಅಂತ ಆದಾಗ ಯಾರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ. ಸಂಸ್ಥಾನದ ಮೇಲೆ ಕೈಹಾಕಿದ ಕಂಪನಿ ಸರ್ಕಾರ ಪಕ್ಕಕ್ಕೆ ಸರಿಯುತ್ತದೆ, ನಕ್ಷತ್ರಗಳು ಮುಂದೆ ಬರುತ್ತವೆ. ಟೇಲರ್ ಬೇಕಂತಲೇ ಹಾಗೆ ಮಾಡಿದ ಅಂತ ನಾನು ಹೇಳುತ್ತಿಲ್ಲ. ಅವನಿಗೆ ಆ ಹುಡುಗನ ಮೇಲೆ ಪ್ರೀತಿ ಇದ್ದದ್ದು ಪುಟ ಪುಟದಲ್ಲೂ ಕಾಣುತ್ತದೆ. ಆದರೆ ಅವನು ಅಧಿಕಾರಿಯಾಗುವುದರ ಜೊತೆಗೆ ಹೆಸರಾದ ಕಾದಂಬರಿಕಾರ ಕೂಡ. ಠಕ್ಕರ ಕುರಿತ ಅವನ ಕಾದಂಬರಿ 1839ರಲ್ಲೇ ಬಂದಿತ್ತು. ಕಥೆ ಎಲ್ಲಿ ಕಟ್ಟಬೇಕು ಅಂತ ಅವನ ಕೈಗೆ ಗೊತ್ತು.

ಇನ್ನೂ ಕೇಳುತ್ತಾ ಹೋಗಿ. "ಅಪ್ಪಾ" ಅನ್ನುವ ಒಂದು ಮಾತು ಇಡೀ ಪುಸ್ತಕದಲ್ಲಿ ಎಷ್ಟು ಭಾರ ಹೊರುತ್ತದೆ? ಪರದೇಶದ ಅಧಿಕಾರಿಯೊಬ್ಬ ಸಂಸ್ಥಾನದ ಕೀಲಿಕೈ ಹಿಡಿದಿರುವುದು ಆ ಮಾತಿನಿಂದ ಮನೆಯ ವಿಷಯದ ಹಾಗೆ ಕಾಣೋಕೆ ಶುರುವಾಗುತ್ತದೆ. ರಾಣಿ ಈಶ್ವರಮ್ಮ ಹುಡುಗನ ತಾಯಿ. ಅವಳ ಬಗ್ಗೆ ಟೇಲರ್ ಬಹಳ ಕಟುವಾಗಿ ಬರೆಯುತ್ತಾನೆ. ಅವಳು ಬರೆದ ಪುಸ್ತಕ ನಮ್ಮ ಕೈಯಲ್ಲಿಲ್ಲ. ದೊರೆ ಸೆರೆಮನೆಯಲ್ಲಿ ಯಾವ ಭಾಷೆಯಲ್ಲಿ ಮಾತಾಡಿದನೋ, ನಮಗೆ ಸಿಗುವುದು ಟೇಲರನ ಇಂಗ್ಲಿಷು. ಸುರಪುರದ ಜನರ ಬಾಯಲ್ಲಿ ಅದೇ ವೆಂಕಟಪ್ಪ ನಾಯಕ ಸ್ವಾತಂತ್ರ್ಯಕ್ಕೆ ಪ್ರಾಣ ಕೊಟ್ಟ ದೊರೆ. ಅಲ್ಲಿ ಅಯ್ಯೋ ಪಾಪ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಯಾವುದು ಸತ್ಯ ಅಂತ ಒಂದೇ ಸಲಕ್ಕೆ ತೀರ್ಪು ಕೊಡಬೇಡಿ. ಯಾವ ಕಥೆ ಯಾರನ್ನು ಮಾತಾಡಿಸಿದೆ, ಯಾರನ್ನು ಸುಮ್ಮನಿರಿಸಿದೆ ಅಂತ ಎರಡು ಕಾಲಂ ಹಾಕಿ ಬರೆಯಿರಿ. ನಮ್ಮ ಹುಡುಗನೊಬ್ಬ ಹೀಗೆ ಬರೆದು, ತನ್ನ ಊರಿನ ಬಗ್ಗೆ ಬಂದ ಪತ್ರಿಕೆ ವರದಿಗೂ ಅದೇ ಕಾಲಂ ಹಾಕಿಕೊಂಡು ಬಂದ. ಅವನ ಊರವರು ಮಾತಾಡಿದ ಕಾಲಂ ಖಾಲಿ ಇತ್ತು.

ಕಾಗದ ನೋಡಿ ನಂಬುವವರಿಗೆ ಬೀದರ್‌ನ ಕಥೆ ಇದೆ. ಮಹಮೂದ್ ಗವಾನ್ 1472ರಲ್ಲಿ ಮದರಸಾ ಕಟ್ಟಿಸಿದ, ಬಹಮನಿ ಸುಲ್ತಾನರ ವಜೀರ, ಅಲ್ಲಿನ ಗ್ರಂಥಾಲಯ ದೂರದೂರಕ್ಕೆ ಹೆಸರಾಗಿತ್ತು. ಅವನನ್ನು ಕೊಂದದ್ದು ಒಂದು ಪತ್ರ. ವೈರಿಗಳು ಅವನ ಮುದ್ರೆ ಕಾಯುವವನನ್ನು ತಮ್ಮ ಕಡೆ ಮಾಡಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿದರು, ಒಡಿಶಾದ ದೊರೆಗೆ ದಂಡೆತ್ತಿ ಬಾ ಅಂತ ಗವಾನನೇ ಬರೆದ ಹಾಗೆ ಬರೆದರು. ಕುಡಿದು ಕೂತಿದ್ದ ಸುಲ್ತಾನ ಮುದ್ರೆ ನೋಡಿದ, ವಿಚಾರಿಸಲಿಲ್ಲ. ಮುದ್ರೆ ನನ್ನದು, ಬರಹ ನನ್ನದಲ್ಲ ಅಂದನಂತೆ ಗವಾನ್. 1481ರಲ್ಲಿ ತಲೆ ಹೋಯಿತು. ಬರಹದ ಧಾಟಿ ಅವನದೇನಾ, ಇದರಿಂದ ಲಾಭ ಯಾರಿಗೆ ಅಂತ ಒಬ್ಬರೂ ಕೇಳಲಿಲ್ಲ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ ಅಂತ ನಾನು ದಿನಾ ಬಡಿದುಕೊಳ್ಳುವುದು ಸುಮ್ನೆ ಅಲ್ಲ. ದೊಡ್ಡವರ ಹೆಸರು ಹಾಕಿ ವಾಟ್ಸಾಪಿನಲ್ಲಿ ಬರುವ ಸುಭಾಷಿತಗಳಿಗೂ ಅದೇ ಎರಡು ಪ್ರಶ್ನೆ ಹಾಕಿ. ಬಹಳಷ್ಟು ಅಲ್ಲೇ ಬಿದ್ದುಹೋಗುತ್ತವೆ.

ಸಣ್ಣ ಪ್ರತ್ಯಯ, ನಮ್ಮ ಕಡೆಯ ಮಾತು

ಸಂಭಾಷಣೆ ಓದುವಾಗ ದೊಡ್ಡ ಪದಗಳಿಗಿಂತ ಬಾಲಕ್ಕೆ ಅಂಟಿದ ಸಣ್ಣ ಅಕ್ಷರಗಳ ಮೇಲೆ ಕಣ್ಣಿಡಿ. "ನಾಳೆ ರೊಕ್ಕ ಕೊಡ್ತೀನಿ" ಅಂದರೆ ಮಾತು. "ನಾಳೆನೇ ಕೊಡ್ತೀನಿ" ಅಂದರೆ ಹಿಂದೆ ಒಮ್ಮೆ ತಪ್ಪಿಸಿದ್ದಾನೆ. "ರೊಕ್ಕಾನೂ ಕೊಡ್ತೀನಿ" ಅಂದರೆ ಬೇರೆ ಏನೋ ಕೊಡುವುದಿದೆ, ಏಟು ಇರಬಹುದು. "ಕೊಡ್ತೀನಲ್ಲ" ಅಂದರೆ ಸಿಟ್ಟು ಬಂದಿದೆ. "ಕೊಡ್ತೀನ್ರೀ" ಅಂದರೆ ಎದುರಿಗಿರುವವನು ಮೇಲಿನವನು. ಒಳ್ಳೆಯ ಕಥೆಗಾರ "ಅವನು ಸಾಲದಲ್ಲಿ ಮುಳುಗಿದ್ದ" ಅಂತ ಬರೆಯುವುದಿಲ್ಲ, ಒಂದು ಏಕಾರದಲ್ಲಿ ಹೇಳಿಬಿಡುತ್ತಾನೆ. ಅದನ್ನು ಹಿಡಿಯುವುದಕ್ಕೆ ನಿಮಗೆ ಯಾವ ಪದವಿಯೂ ಬೇಡ, ಮಾರ್ಕೆಟ್‌ನಲ್ಲಿ ನಿಂತು ಕೇಳಿದ ಕಿವಿ ಸಾಕು.

ಜೊತೆಗೆ ನಮ್ಮ ಕಲಬುರಗಿ, ಯಾದಗಿರಿ ಕಡೆಯ ಮಾತು ಪುಸ್ತಕದಲ್ಲಿ ಬಂದಾಗ ಖುಷಿಪಟ್ಟು ಸುಮ್ಮನಾಗಬೇಡಿ. ಅದನ್ನು ಯಾರ ಬಾಯಿಗೆ ಕೊಟ್ಟಿದ್ದಾರೆ ನೋಡಿ. ಆಳಿನ ಬಾಯಿಗೋ, ನಗಿಸುವವನ ಬಾಯಿಗೋ? ಡಾಕ್ಟರು, ಕಲೆಕ್ಟರು, ಪ್ರೀತಿ ಮಾಡುವ ನಾಯಕ, ಇವರೆಲ್ಲ ಶಿಷ್ಟ ಕನ್ನಡದಲ್ಲಿ ಮಾತಾಡಿ, "ಖರೇ", "ಹೌದಲ್ರೀ" ಎಲ್ಲ ದಡ್ಡನ ಪಾಲಿಗೆ ಬಂದಿದ್ದರೆ ಲೇಖಕನ ಮನಸ್ಸಿನಲ್ಲಿ ನಮ್ಮ ಜಾಗ ಎಲ್ಲಿದೆ ಅಂತ ಗೊತ್ತಾಗುತ್ತದೆ. ಪುಸ್ತಕ ಎಷ್ಟೇ ದೊಡ್ಡ ಪ್ರಶಸ್ತಿ ಪಡೆದಿರಲಿ, ಇದನ್ನು ಹೇಳೋಕೆ ಹಿಂಜರಿಯಬೇಡಿ.

ಗುಂಪಿನಲ್ಲಿ ಓದುವವರಿಗೆ ಒಂದೆರಡು ಮಾತು. ನಮ್ಮಲ್ಲಿ ಅದ್ಭುತ, ಮಾರ್ಮಿಕ, ಹೃದಯಸ್ಪರ್ಶಿ, ಈ ಮೂರು ಪದಕ್ಕೆ ನಿಷೇಧ ಇದೆ. ಸನ್ಮಾನ ಸಮಾರಂಭಕ್ಕೆ ಅವು ಬೇಕಾಗುತ್ತವೆ, ಅಲ್ಲಿಗೇ ಬಿಟ್ಟಿದ್ದೇವೆ. ಏನೇ ಹೇಳಿದರೂ ಸಾಲಿನ ಮೇಲೆ ಬೆರಳಿಟ್ಟು ಹೇಳಬೇಕು. ಹಿಡಿಸಲಿಲ್ಲ ಅಂದರೂ ಸರಿ, ಯಾವ ಸಾಲಿನಲ್ಲಿ ಮನಸ್ಸು ಹಿಂದೆ ಸರಿಯಿತು ಅಂತ ತೋರಿಸಬೇಕು. ಲೇಖಕರ ಜೀವನ ಚರಿತ್ರೆ, ಜಾತಿ, ಪಕ್ಷ ಎಲ್ಲ ಕೊನೆಗೆ. ಮೊದಲೇ ತಂದರೆ ಪುಸ್ತಕ ಮುಚ್ಚಿಹೋಗುತ್ತದೆ, ಜಗಳ ಮಾತ್ರ ಉಳಿಯುತ್ತದೆ. ಚಹಾ ತರುವ ಪಾಳಿಯನ್ನು ಎಲ್ಲರಿಗೂ ಹಂಚಿ, ಇಲ್ಲದಿದ್ದರೆ ಹೆಂಗಸರೇ ಮಾಡುತ್ತಾ ಅರ್ಧ ಚರ್ಚೆ ತಪ್ಪಿಸಿಕೊಳ್ಳುತ್ತಾರೆ.

ಈ ವಾರ ನೀವೇ ಮಾಡಿ ನೋಡಲು ದಾಸಿಮಯ್ಯನದೇ ಇನ್ನೊಂದು ಕೊಡುತ್ತೇನೆ:

ಮೊಲೆ ಮುಡಿ ಬಂದಡೆ ಹೆಣ್ಣೆಂಬರು,
ಗಡ್ಡ ಮೀಸೆ ಬಂದಡೆ ಗಂಡೆಂಬರು,
ನಡುವೆ ಸುಳಿವ ಆತ್ಮನು
ಹೆಣ್ಣೂ ಅಲ್ಲ ಗಂಡೂ ಅಲ್ಲ ಕಾಣಾ ರಾಮನಾಥ.

ಗಟ್ಟಿಯಾಗಿ ಓದಿ. ತಿರುಗುವ ಜಾಗ ಗುರುತು ಮಾಡಿ. "ಎಂಬರು" ಅಂತ ಅನ್ನುತ್ತಿರುವವರು ಯಾರು ಅಂತ ಕೇಳಿ. "ಇದ್ದಡೆ" ಅನ್ನದೆ "ಬಂದಡೆ" ಯಾಕಂದ? ಆಮೇಲೆ ಇದನ್ನು ಮೊದಲಿನ ವಚನದ ಪಕ್ಕ ಇಡಿ. ಅಲ್ಲಿ ಗಾಳಿ ಸುಳಿದಿತ್ತು, ಇಲ್ಲಿ ಆತ್ಮ ಸುಳಿಯುತ್ತಿದೆ. ಅವನು ಬೇಕಂತಲೇ ಒಂದೇ ಪದ ಇಟ್ಟ ಅಂತ ಹೊಲಿಗೆ ಅಕ್ಕ ವಾದ ಮಾಡುತ್ತಾರೆ. ನನಗೆ ಅನುಮಾನ. ಬೇರೆ ವಚನಕಾರರೂ ಈ ಪದವನ್ನು ಎಲ್ಲೆಲ್ಲಿ ಬಳಸಿದ್ದಾರೆ ಅಂತ ಪಟ್ಟಿ ಮಾಡದೆ ನಾನು ಸಹಿ ಹಾಕುವುದಿಲ್ಲ. ಪಟ್ಟಿ ಮಾಡುವ ಕೆಲಸ ಡಿಗ್ರಿ ಹುಡುಗರು ತೆಗೆದುಕೊಂಡಿದ್ದಾರೆ.